ತೊಂಬತ್ತನಾಲ್ಕು ಜನರ ಗೋಡೆ

ಬೇವಿನಮರದ ಗಲ್ಲಿ, ಸಿದ್ದಾಪುರ
ನವೆಂಬರ್ 12

ಶುಭಮ್ಮನವರಿಗೆ,

ಪಾಪಯ್ಯನ ನಮಸ್ಕಾರ. ಯಾವ ಪಾಪಯ್ಯ ಎಂದು ಹುಬ್ಬು ಗಂಟಿಕ್ಕಬೇಡಿ. ಜಯನಗರ ಎರಡನೇ ಬ್ಲಾಕಿನ ನಿಮ್ಮ ಬೀದಿಗೆ ಇಪ್ಪತ್ತೆಂಟು ವರ್ಷ ಟಪಾಲು ತಂದವನು. ನಿಮಗೆ ಲೆಕ್ಕಪತ್ರ ಇಲಾಖೆಯ ಕೆಲಸದ ಆರ್ಡರ್ ಬಂದ ದಿನ ರಿಜಿಸ್ಟರ್ಡ್ ಕವರಿಗೆ ಸಹಿ ಹಾಕಿ, ಕವರು ಒಡೆಯದೆ ಹಿಡಿದುಕೊಂಡೇ ನಿಂತಿದ್ದಿರಿ. "ಹೆದರ್ಕೋಬೇಡ್ರಮ್ಮ, ಒಳ್ಳೇ ಸುದ್ದೀನೇ ಇರುತ್ತೆ" ಅಂದಿದ್ದೆ. ನಿಮ್ಮ ತಾಯಿ ಅಮ್ಮಣ್ಣಿಯವರು ಅವತ್ತು ಅಡುಗೆಮನೆ ಕಿಟಕಿಯಿಂದ ಎರಡು ಸಲ ಕಾಫಿ ಕೊಟ್ಟರು.

ವಾರ್ಡ್ ಆಫೀಸಿನ ನೋಟಿಸ್ ಬೋರ್ಡಿನಲ್ಲಿ ಹಣಕಾಸು ಉಪಸಮಿತಿಯ ಸದಸ್ಯರ ಪಟ್ಟಿ ಹಾಕಿದ್ದರು. ಐದು ಹೆಸರಿನಲ್ಲಿ ನಿಮ್ಮದೂ ಇತ್ತು. ನಿವೃತ್ತರಾದ ಮೇಲೂ ಲೆಕ್ಕ ಬಿಡಲಿಲ್ಲವಲ್ಲ ಎಂದು ನಗು ಬಂತು, ಸಮಾಧಾನವೂ ಆಯಿತು. ಫೋನ್ ಮಾಡೋಣ ಎಂದರೆ ನನಗೆ ಎರಡು ಕಿವಿಯೂ ಹೋಗಿವೆ. ಯಂತ್ರ ಹಾಕಿಕೊಂಡರೆ ಬರೀ ಗೊರ ಗೊರ. ಕಾಗದವೇ ನನಗೆ ಸರಿ. ಎರಡು ಕಿಲೋಮೀಟರ್ ದೂರಕ್ಕೆ ಮೂರು ದಿನ ತೆಗೆದುಕೊಳ್ಳುತ್ತಾರೆ ಈಗಿನ ಹುಡುಗರು, ಇರಲಿ.

ವಿಷಯ ಇಷ್ಟು. ನಮ್ಮ ಗಲ್ಲಿಯ ಕೊನೆಗೆ ರಾಜಕಾಲುವೆ ಇದೆ. ಹಳೇ ಕಲ್ಲಿನ ಗೋಡೆ ಮೂರು ವರ್ಷದ ಹಿಂದೆ ಕುಸಿಯಿತು. ಈಗ ದೊಡ್ಡ ಮಳೆ ಬಂದರೆ ಕಾಲುವೆ ನೀರು ನೇರವಾಗಿ ಗಲ್ಲಿಗೆ ನುಗ್ಗುತ್ತದೆ. ಮೊದಲ ಮನೆ ನಮ್ಮದು. ನನ್ನ ಹೆಂಡತಿ ಅಂಕಮ್ಮನಿಗೆ ಲಕ್ವ ಹೊಡೆದು ಎರಡು ವರ್ಷ ಆಯಿತು, ಬಲಗಡೆ ಪೂರ್ತಿ ಬಿದ್ದುಹೋಗಿದೆ. ಹಗಲೂ ರಾತ್ರಿ ಮಂಚದ ಮೇಲೆಯೇ. ಹೋದ ಮಳೆಗಾಲದಲ್ಲಿ ನೀರು ಮಂಚದ ಕಾಲಿನ ಅರ್ಧಕ್ಕೆ ಬಂತು. ನಾನೂ ಮಗಳು ಲತಾಮಣಿಯೂ ಅವಳನ್ನು ಎತ್ತಿ ಅಡುಗೆ ಕಟ್ಟೆಯ ಮೇಲೆ ಕೂರಿಸಿದೆವು. "ನನ್ನ ಇಡ್ಲಿ ಪಾತ್ರೆ ಮಾಡ್ಬಿಟ್ರಲ್ಲ" ಎಂದು ತೊದಲುತ್ತಾ ನಕ್ಕಳು. ಈ ಸಲ ನಗಲಿಕ್ಕಾಗುತ್ತದೋ ಇಲ್ಲವೋ.

ಆ ಗೋಡೆ ಕಟ್ಟಿಸಿಕೊಡಿ ಎಂದು ಇಪ್ಪತ್ತೆರಡು ಮನೆಯವರೂ ಸಹಿ ಹಾಕಿ ಅರ್ಜಿ ಕೊಟ್ಟಿದ್ದೇವೆ. ಮುಂದಿನ ಮಳೆಯೊಳಗೆ ಆಗಬೇಕು. ಅಷ್ಟೇ ಕೇಳುವುದು.

ಇಂತಿ,
ಪಾಪಯ್ಯ
(ಹಳೇ ಪೋಸ್ಟ್‌ಮ್ಯಾನ್)


ಜಯನಗರ ಎರಡನೇ ಬ್ಲಾಕ್
ನವೆಂಬರ್ 21

ಪಾಪಯ್ಯನವರಿಗೆ ನಮಸ್ಕಾರಗಳು.

ನಿಮ್ಮ ಅಕ್ಷರ ನೋಡಿದ ಕೂಡಲೇ ಗುರುತು ಸಿಕ್ಕಿತು. ಮನೆ ಬೀಗ ಹಾಕಿದ್ದಾಗ ನೀವು ಬಾಗಿಲಿಗೆ ಸಿಕ್ಕಿಸಿ ಹೋಗುತ್ತಿದ್ದ ಚೀಟಿಗಳನ್ನು ಓದಿ ಬೆಳೆದವಳು ನಾನು. ಅಮ್ಮ ಹೋಗಿ ಹನ್ನೊಂದು ವರ್ಷವಾಯಿತು. ಅಡುಗೆಮನೆಯ ಕಿಟಕಿ ಹಾಗೆಯೇ ಇದೆ. ನಿಮಗೆಂದೇ ಮೀಸಲಾಗಿದ್ದ ತಳ ನೆಗ್ಗಿದ ಸ್ಟೀಲ್ ಲೋಟವೂ ಇದೆ, ಬಿಸಾಡಲು ಮನಸ್ಸು ಬರಲಿಲ್ಲ. ಒಂದು ದಿನ ಬನ್ನಿ, ಅದೇ ಲೋಟದಲ್ಲಿ ಕಾಫಿ ಕೊಡುತ್ತೇನೆ.

ಈಗ ಗೋಡೆಯ ಮಾತು. ನಿಮ್ಮ ಅರ್ಜಿ ಸಮಿತಿಗೆ ಬಂದಿದೆ, ಒಂಬತ್ತನೆಯ ವಿಷಯವಾಗಿ ಸೇರಿಸಿದ್ದೇವೆ. ಇಂಜಿನಿಯರ್ ಅಂದಾಜು ಹದಿನಾಲ್ಕು ಲಕ್ಷ. ವಾರ್ಡಿಗೆ ಈ ವರ್ಷ ನಾವು ಹಂಚಬಹುದಾದ ಹಣ ಒಟ್ಟು ಅರವತ್ತು ಲಕ್ಷ. ಕೇಳಿಬಂದಿರುವ ಕೆಲಸಗಳ ಮೊತ್ತ ಎರಡು ಕೋಟಿಯ ಹತ್ತಿರ. ನಾಲ್ಕು ಕೆಲಸವಾದರೆ ಹೆಚ್ಚು.

ನಿಮಗೆ ಒಂದು ಸಂತೋಷದ ವಿಷಯ ಹೇಳಬೇಕು. ಇಷ್ಟು ವರ್ಷ ಯಾರ ಗಂಟಲು ದೊಡ್ಡದೋ ಅವರ ಬೀದಿಗೆ ಹಣ ಹೋಗುತ್ತಿತ್ತು. ನಾನು ಹೋದ ಮೊದಲ ಸಭೆಯಲ್ಲಿಯೇ ಅದು ನಿಲ್ಲಬೇಕು ಎಂದು ಪಟ್ಟು ಹಿಡಿದು ಒಂದು ಪಟ್ಟಿ ಮಾಡಿಕೊಟ್ಟೆ. ಪ್ರತಿ ಕೆಲಸಕ್ಕೂ ಖರ್ಚೆಷ್ಟು, ಎಷ್ಟು ಜನಕ್ಕೆ ಉಪಯೋಗ, ಅಂದರೆ ಒಬ್ಬರಿಗೆ ಎಷ್ಟು ಬಿತ್ತು. ಕಡಿಮೆ ಬಿದ್ದದ್ದು ಮೇಲೆ, ಹೆಚ್ಚು ಬಿದ್ದದ್ದು ಕೆಳಗೆ. ಶಿಫಾರಸು ಇಲ್ಲ, ಪಕ್ಷ ಇಲ್ಲ, ಜಾತಿ ಇಲ್ಲ. ಅಧ್ಯಕ್ಷರಾದ ಸಿದ್ದಲಿಂಗಯ್ಯನವರು, ಅವರು ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು, "ಇಂಥದ್ದು ಮೂವತ್ತು ವರ್ಷದ ಹಿಂದೇನೇ ಬರ್ಬೇಕಿತ್ತು ಮೇಡಂ" ಎಂದು ಎಲ್ಲರೆದುರೇ ಹೊಗಳಿದರು. ಹೊಗಳಿಕೆಗೆ ಉಬ್ಬಬಾರದು, ಆದರೂ ಉಬ್ಬಿದೆ.

ನಿಮ್ಮ ಗಲ್ಲಿಯಲ್ಲಿ ಎಷ್ಟು ಜನ ಇದ್ದಾರೆ ಎಂದು ಎಣಿಸಿ ತಿಳಿಸಿ. ಕೂಸಿನಿಂದ ಮುದುಕರವರೆಗೆ ಎಲ್ಲರನ್ನೂ ಸೇರಿಸಿ. ಒಂದು ತಲೆಯೂ ಬಿಡಬೇಡಿ.

ನಿಮ್ಮ ವಿಶ್ವಾಸಿ,
ಶುಭಾ


ಸಿದ್ದಾಪುರ
ಡಿಸೆಂಬರ್ 3

ಶುಭಮ್ಮನವರಿಗೆ ನಮಸ್ಕಾರ.

ಎಣಿಸಿದೆ. ತೊಂಬತ್ತನಾಲ್ಕು. ಪಕ್ಕದ ಮನೆ ಶಿವವ್ವನ ಸೊಸೆ ಬಸುರಿ, ಮಗುವನ್ನು ಈಗಲೇ ಸೇರಿಸಬಹುದೇ ಎಂದು ಶಿವವ್ವ ಕೇಳಿದಳು. ಹುಟ್ಟಿದ ಮೇಲೆ ನೋಡೋಣ, ಸರ್ಕಾರದ ಲೆಕ್ಕದಲ್ಲಿ ಸುಳ್ಳು ಬರೆಯಬಾರದು ಎಂದೆ. ಅಂಕಮ್ಮನನ್ನು ಎಣಿಸುವಾಗ ಅವಳು ಎಡಗೈ ಎತ್ತಿ ತೋರಿಸಿ "ಅರ್ಧ ಅಂತ ಬರ್ಕೊ" ಅಂದಳು. ನಾನು ಪೂರ್ತಿಯೇ ಬರೆದುಕೊಂಡಿದ್ದೇನೆ.

ಇನ್ನೊಂದು ಮಾತು. ಸಮಿತಿ ತಡ ಮಾಡಿದರೆ ಎಂಬ ಹೆದರಿಕೆಗೆ ನಾವೇ ಮನೆಗೆ ಮೂರು ಸಾವಿರದಂತೆ ಹಾಕಿ ಸದ್ಯಕ್ಕೆ ಒಂದು ಗೋಡೆ ಎಬ್ಬಿಸೋಣ ಎಂದು ಮಾತಾಡಿಕೊಂಡಿದ್ದೇವೆ. ರೇವಣಸಿದ್ದಪ್ಪ ಮೇಸ್ತ್ರಿ ನಮ್ಮ ಗಲ್ಲಿಯವರೇ. ಕೂಲಿ ಬೇಡ, ಸಿಮೆಂಟು ಬ್ಲಾಕಿನ ದುಡ್ಡು ಕೊಟ್ಟರೆ ಸಾಕು, ನಾಲ್ಕು ಅಡಿ ಎತ್ತರ ಕಟ್ಟಿಕೊಡುತ್ತೇನೆ ಎಂದಿದ್ದಾರೆ. ನೂರು ವರ್ಷ ಬಾಳುವ ಗೋಡೆಯಲ್ಲ, ನಾಲ್ಕು ಮಳೆಗಾಲ ತಡೆದೀತು. ನಿಮ್ಮ ಅಭಿಪ್ರಾಯ ತಿಳಿಸಿ. ಓದಿದವರು, ನಿಯಮ ತಿಳಿದವರು.

ಪಾಪಯ್ಯ


ಜಯನಗರ
ಜನವರಿ 19

ಪಾಪಯ್ಯನವರೇ,

ನಿನ್ನೆ ಸಭೆ ಮುಗಿಯಿತು. ತಲೆನೋವಿನಿಂದ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸಿ.

ಒಂಬತ್ತನೆಯ ವಿಷಯ ಬರುವ ಹೊತ್ತಿಗೆ ಎಲ್ಲರೂ ದಣಿದಿದ್ದರು. ಸಿದ್ದಲಿಂಗಯ್ಯನವರು ಕನ್ನಡಕ ಒರೆಸುತ್ತಾ, "ಶುಭಾ ಮೇಡಂ, ನಿಮ್ಮ ಪಟ್ಟಿ ಏನ್ ಹೇಳುತ್ತೆ?" ಎಂದರು. ನಾನು ಓದಿದೆ. ಪಾರ್ಕಿನ ನಡಿಗೆ ದಾರಿಗೆ ಟೈಲ್ಸ್, ಹದಿನೆಂಟು ಲಕ್ಷ, ಉಪಯೋಗಿಸುವವರು ಸಾವಿರದ ಇನ್ನೂರು ಜನ, ತಲೆಗೆ ಸಾವಿರದ ಐನೂರು. ನಿಮ್ಮ ಗೋಡೆ, ಹದಿನಾಲ್ಕು ಲಕ್ಷ, ತೊಂಬತ್ತನಾಲ್ಕು ಜನ, ತಲೆಗೆ ಹದಿನಾಲ್ಕು ಸಾವಿರದ ಒಂಬೈನೂರು. ಪಟ್ಟಿಯ ಕಟ್ಟಕಡೆಗೆ.

ನಾನು ಬಾಯಿಬಿಟ್ಟೆ. ನಡೆಯುವ ದಾರಿ ಬೇರೆ, ಮನೆಗೆ ನುಗ್ಗುವ ನೀರು ಬೇರೆ, ಅಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂದೆ. ಅಪಾರ್ಟ್‌ಮೆಂಟುಗಳ ಪರವಾಗಿ ಬರುವ ಪ್ರಿಯಾಂಕಾ ಎಂಬ ಹುಡುಗಿ ಇದ್ದಾಳೆ. ಕೆಟ್ಟವಳಲ್ಲ. "ಮೇಡಂ, ನಂಗೂ ಬೇಜಾರೇ. ಆದ್ರೆ ಇಪ್ಪತ್ತೆರಡು ಮನೆಗೆ ಹದಿನಾಲ್ಕು ಲಕ್ಷ ಅಂದ್ರೆ ನಮ್ಮೋರು ನನ್ನ ಕೇಳ್ತಾರೆ. ಪಟ್ಟಿ ಮಾಡಿದ್ದು ನೀವೇ ಅಲ್ವಾ? ನಿಮಗೆ ಬೇಕಾದಾಗ ಪಟ್ಟಿ, ಬೇಡದಾಗ ಬೇಡ ಅಂದ್ರೆ ಹೆಂಗೆ?" ಎಂದಳು. ನನ್ನ ಕೈಯಲ್ಲೇ ನನ್ನ ಕಣ್ಣಿಗೆ ಚುಚ್ಚಿಕೊಂಡ ಹಾಗಾಯಿತು.

ಮತಕ್ಕೆ ಹಾಕಿದ್ದರೆ ಸೋಲುತ್ತಿತ್ತು. ತಿರಸ್ಕರಿಸಿದ ವಿಷಯವನ್ನು ಒಂದು ವರ್ಷ ಮತ್ತೆ ತರುವಂತಿಲ್ಲ ಎಂಬ ನಿಯಮ ಇದೆ. ಮುಂದೂಡಿದ ವಿಷಯ ತಾನಾಗಿಯೇ ಮುಂದಿನ ಸಭೆಗೆ ಬರುತ್ತದೆ. ತಟ್ಟನೆ ಹೊಳೆಯಿತು. "ಒಂಬತ್ತನ್ನು ಮುಂದೂಡೋಣ" ಎಂದೆ. ಎಲ್ಲರಿಗೂ ಮನೆಗೆ ಹೋಗುವ ಅವಸರ, ತಲೆಯಾಡಿಸಿದರು. ನಡಾವಳಿ ಪುಸ್ತಕದಲ್ಲಿ ನನ್ನ ಕೈಯಿಂದಲೇ "ಮುಂದೂಡಲಾಗಿದೆ" ಎಂದು ಬರೆದೆ. ನಿಮ್ಮ ಗೋಡೆಗೆ ಜೀವ ಉಳಿದಿದೆ, ಪಾಪಯ್ಯನವರೇ. ಎರಡು ತಿಂಗಳಲ್ಲಿ ಪ್ರಿಯಾಂಕಾಳ ಮನಸ್ಸು ತಿರುಗಿಸುತ್ತೇನೆ.

ನೀವೇ ಗೋಡೆ ಎಬ್ಬಿಸುವ ಮಾತು ಬರೆದಿದ್ದಿರಿ. ದಯವಿಟ್ಟು ಬೇಡ. ಇಂಜಿನಿಯರ್ ಹತ್ತಿರ ವಿಚಾರಿಸಿದೆ. ಜನರೇ ಕಟ್ಟಿಕೊಂಡರೆ ಕೆಲಸ ಆಗಿದೆ ಎಂದು ಕಡತ ಮುಚ್ಚಿಬಿಡುತ್ತಾರಂತೆ. ಅದಲ್ಲದೆ ಕಾಲುವೆಯ ಅಂಚಿನಲ್ಲಿ ಅನುಮತಿ ಇಲ್ಲದೆ ಕಟ್ಟಿದರೆ ಒತ್ತುವರಿ ಎಂದು ಬರೆದು ಕೆಡವಲೂಬಹುದು. ಅರವತ್ತಾರು ಸಾವಿರವೂ ಹೋಗುತ್ತದೆ, ಗಟ್ಟಿ ಗೋಡೆಯೂ ಹೋಗುತ್ತದೆ. ಸ್ವಲ್ಪ ದಿನ ತಡೆದುಕೊಳ್ಳಿ.

ಶುಭಾ


ಸಿದ್ದಾಪುರ
ಜನವರಿ 27

ಶುಭಮ್ಮನವರಿಗೆ,

ನಿಮ್ಮ ಕಾಗದ ಬಂದ ಸಂಜೆಯೇ ಬೇವಿನಮರದ ಕೆಳಗೆ ಎಲ್ಲರನ್ನೂ ಕೂರಿಸಿ ಓದಿ ಹೇಳಿದೆ. ರೇವಣಸಿದ್ದಪ್ಪ, "ಕಾಗ್ದ ನೀರು ತಡಿಯಲ್ಲ ಪಾಪಣ್ಣ, ಬ್ಲಾಕು ತಡಿಯುತ್ತೆ" ಅಂದರು. ಆಗಲೇ ಮುನ್ನೂರು ಬ್ಲಾಕಿಗೆ ಮುಂಗಡ ಕೊಟ್ಟಿದ್ದರು. ನಾನು ನಿಮ್ಮ ಪರ ನಿಂತೆ. ಆಯಮ್ಮ ಚಿಕ್ಕ ಹುಡುಗಿಯಾಗಿದ್ದಾಗಿಂದ ಗೊತ್ತು, ಸುಳ್ಳು ಹೇಳುವವರಲ್ಲ, ನಿಯಮ ಬಲ್ಲವರು ಎಂದೆ. ಹಳೇ ಪೋಸ್ಟ್‌ಮ್ಯಾನ್ ಮಾತಿಗೆ ಗಲ್ಲಿಯಲ್ಲಿ ಇನ್ನೂ ಒಂದು ಬೆಲೆ ಇದೆ. ದುಡ್ಡು ಮನೆ ಮನೆಗೆ ವಾಪಸ್ಸು ಹೋಯಿತು.

ಆದರೆ ಒಂದು ಹಳೇ ಕತೆ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ನಿಮ್ಮ ಹಿಂದಿನ ಬೀದಿಯ ಸುಧಾಮಣಿ ಎಂಬುವರಿಗೆ ತಂತಿ ಬಂತು. ತಂದೆಗೆ ಸೀರಿಯಸ್, ಕೂಡಲೇ ಹೊರಡು ಎಂದು. ಅವರ ಮನೆ ಬಾಗಿಲಿಗೆ ಹೋದರೆ ಒಳಗೆ ಮಗುವಿನ ನಾಮಕರಣ. ಎಲ್ಲರೂ ನಗುತ್ತಿದ್ದಾರೆ. ನನಗೆ ಕೊಡಲು ಕೈ ಬರಲಿಲ್ಲ. ಇವತ್ತೊಂದು ದಿನ ಸುಖವಾಗಿರಲಿ, ನಾಳೆ ಕೊಡೋಣ ಎಂದು ಚೀಲದಲ್ಲಿ ಇಟ್ಟುಕೊಂಡೆ. ಮಾರನೇ ದಿನ ಕೊಟ್ಟೆ. ಅವರು ಊರು ಮುಟ್ಟುವಾಗ ಮಣ್ಣು ಮಾಡಿ ಆಗಿತ್ತು. ಅವರು ನನ್ನನ್ನು ಬೈಯಲಿಲ್ಲ. ಆದರೆ ಆಮೇಲೆ ಯಾವತ್ತೂ ನನ್ನ ಮುಖ ನೋಡಿ ಕಾಗದ ತೆಗೆದುಕೊಳ್ಳಲಿಲ್ಲ. ಅವತ್ತಿನಿಂದ ಯಾವ ಕಾಗದವನ್ನೂ ಒಂದು ರಾತ್ರಿ ನನ್ನ ಚೀಲದಲ್ಲಿ ಇಟ್ಟುಕೊಂಡಿಲ್ಲ.

ಅದಕ್ಕೇ ಕೇಳುತ್ತೇನೆ. ಗೋಡೆ ಆಗುವುದಿಲ್ಲ ಅನ್ನುವುದಾದರೆ ಇಲ್ಲ ಎಂದು ಬರೆದುಬಿಡಿ. ನಾವು ನಮ್ಮ ದಾರಿ ನೋಡಿಕೊಳ್ಳುತ್ತೇವೆ. ನನಗೆ ಬೇಸರವಾಗುವುದಿಲ್ಲ.

ಪಾಪಯ್ಯ


ಜಯನಗರ
ಫೆಬ್ರವರಿ 8

ಪಾಪಯ್ಯನವರೇ,

ಇಲ್ಲ ಎಂದು ನಾನು ಹೇಗೆ ಬರೆಯಲಿ? ಇಲ್ಲ ಎಂದು ಆಗಿಲ್ಲವಲ್ಲ. ವಿಷಯ ಇನ್ನೂ ಸಮಿತಿಯ ಮುಂದಿದೆ. ನಿಮ್ಮ ತಂತಿಯ ಕತೆ ಓದಿ ಬೇಜಾರಾಯಿತು, ಆದರೆ ಅದೂ ಇದೂ ಒಂದೇ ಅಲ್ಲ. ನಾನು ಏನನ್ನೂ ಬಚ್ಚಿಡುತ್ತಿಲ್ಲ.

ಅಂಕಮ್ಮನವರನ್ನು ಕೇಳಿದೆ ಎಂದು ಹೇಳಿ.

ಶುಭಾ


ಸಿದ್ದಾಪುರ
ಏಪ್ರಿಲ್ 5

ಶುಭಮ್ಮನವರಿಗೆ,

ಎರಡು ತಿಂಗಳು ನಿಮ್ಮಿಂದ ಕಾಗದವಿಲ್ಲ. ನಮ್ಮ ಬೀಟಿನ ಪೋಸ್ಟ್‌ಮ್ಯಾನ್ ಹುಡುಗನನ್ನು ದಿನಾ ಕೇಳಿ ಕೇಳಿ ಅವನು ನನ್ನನ್ನು ಕಂಡರೆ ಸೈಕಲ್ಲು ತಿರುಗಿಸುತ್ತಾನೆ.

ನಿನ್ನೆ ಅಂಕಮ್ಮನ ಮಾತ್ರೆ ತರಲು ನಿಮ್ಮ ಕಡೆ ಬಂದಿದ್ದೆ. ಪಾರ್ಕಿನಲ್ಲಿ ಟೈಲ್ಸ್ ಹಾಕುತ್ತಿದ್ದಾರೆ. ಕೆಂಪು ಒಂದು, ಹಳದಿ ಒಂದು. ಚೆನ್ನಾಗಿದೆ. ಎಷ್ಟು ಖರ್ಚು ಎಂದು ಅಲ್ಲಿನ ಬೋರ್ಡಿನಲ್ಲಿ ಓದಿದೆ. ಇಪ್ಪತ್ತೊಂಬತ್ತು ಲಕ್ಷ ಎಂದಿತ್ತು. ನೀವು ಹದಿನೆಂಟು ಎಂದು ಬರೆದಿದ್ದಿರಿ. ನನ್ನ ಕಣ್ಣು ಸರಿ ಇದೆ, ಕಿವಿ ಮಾತ್ರ ಹೋಗಿರುವುದು.

ನಾವೇ ಕಟ್ಟಿಕೊಳ್ಳಲೇ? ಮಳೆಗೆ ಇನ್ನು ಒಂದು ತಿಂಗಳಿದೆ. ಹೂಂ ಅಥವಾ ಉಹೂಂ, ಎರಡರಲ್ಲಿ ಒಂದು ಬರೆದು ಕಾರ್ಡು ಹಾಕಿದರೆ ಸಾಕು.

ಪಾಪಯ್ಯ


ಜಯನಗರ
ಏಪ್ರಿಲ್ 14

ಪಾಪಯ್ಯನವರೇ,

ನಾಚಿಕೆಯಿಂದ ಬರೆಯುತ್ತಿದ್ದೇನೆ. ಫೆಬ್ರವರಿಯ ಸಭೆ ಪೂರ್ತಿ ಬೀದಿ ಕ್ಯಾಮೆರಾಗಳ ಜಗಳದಲ್ಲೇ ಮುಗಿಯಿತು. ಮಾರ್ಚಿನ ಸಭೆಯಲ್ಲಿ ಇಂಜಿನಿಯರ್ ಬಂದು, ಮೂವತ್ತೊಂದರೊಳಗೆ ಖರ್ಚಾಗದ ಹಣ ವಾಪಸ್ಸು ಹೋಗುತ್ತದೆ, ಗೋಡೆಗೆ ಟೆಂಡರ್ ಕರೆಯಲು ಇನ್ನು ಸಮಯವಿಲ್ಲ, ಪಾರ್ಕಿನ ಕೆಲಸ ಆಗಲೇ ನಡೆಯುತ್ತಿದೆ, ಅಲ್ಲಿಗೇ ಸೇರಿಸಿದರೆ ಹಣ ವಾರ್ಡಿನಲ್ಲೇ ಉಳಿಯುತ್ತದೆ ಎಂದರು. ಸಿದ್ದಲಿಂಗಯ್ಯನವರು, "ವಾಪಸ್ ಕಳ್ಸೋದಕ್ಕಿಂತ ಇದೇ ವಾಸಿ ಅಲ್ವೇ ಮೇಡಂ?" ಎಂದು ನನ್ನ ಮುಖ ನೋಡಿದರು. ಲೆಕ್ಕದ ಪ್ರಕಾರ ಅವರು ಹೇಳಿದ್ದು ಸರಿ. ನಾನೂ ಸಹಿ ಹಾಕಿದೆ.

ಅವತ್ತೇ ನಿಮಗೆ ಬರೆಯಬೇಕಿತ್ತು. ಎರಡು ಸಲ ಕಾಗದ ತೆಗೆದೆ. ಒಳ್ಳೆಯ ಸುದ್ದಿ ಏನಾದರೂ ಸೇರಿಸಿ ಬರೆಯೋಣ ಎಂದು ಇಟ್ಟೆ.

ಈಗ ಆ ಸುದ್ದಿ ಇದೆ. ಹೊಸ ವರ್ಷದ ಹಣ ಮಂಜೂರಾಗಿದೆ. ಮೇ ಹತ್ತು, ಶನಿವಾರ, ಸಂಜೆ ನಾಲ್ಕಕ್ಕೆ ಮೊದಲ ಸಭೆ. ನಿಮ್ಮ ಗೋಡೆ ಪಟ್ಟಿಯಲ್ಲಿದೆ. ಪ್ರಿಯಾಂಕಾ ಅರ್ಧ ಒಪ್ಪಿದ್ದಾಳೆ. "ಆ ಜನ ಯಾರು ಅಂತ ಒಂದ್ ಸಲ ಕಣ್ಣಲ್ಲಿ ನೋಡಿದ್ರೆ ನಮ್ಮೋರಿಗೂ ಹೇಳ್ಬಹುದು" ಎಂದಳು. ಆದ್ದರಿಂದ ಅವತ್ತು ನೀವೇ ಬಂದು ಸಭೆಯಲ್ಲಿ ಕುಳಿತುಕೊಳ್ಳಿ. ಮಾತಾಡಬೇಕಾಗಿಲ್ಲ. ನಿಮ್ಮ ಮುಖ ಅವರ ಎದುರಿಗಿದ್ದರೆ ಅಂಕಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಇಷ್ಟು ದಿನ ಕಾದವರು ಇನ್ನು ಇಪ್ಪತ್ತಾರು ದಿನ. ಈಗ ನೀವೇ ಕಟ್ಟಿಕೊಂಡರೆ ಕಡತ ಮುಚ್ಚುತ್ತದೆ, ನಾನು ಮಾಡಿದ್ದೆಲ್ಲ ನೀರುಪಾಲು. ತಾಳಿದವರು ಬಾಳಿಯಾರು.

ಶುಭಾ


ಜಯನಗರ
ಮೇ 11, ಭಾನುವಾರ ಬೆಳಿಗ್ಗೆ

ಪಾಪಯ್ಯನವರೇ,

ನಿನ್ನೆ ನೀವು ಮಾತೂ ಆಡದೆ, ಛತ್ರಿಯೂ ಇಲ್ಲದೆ ಹೊರಟುಬಿಟ್ಟಿರಿ. ನಾನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಕಾಣಲಿಲ್ಲ. ಕೋಪ ಬಂದಿರಬೇಕು. ಬರಬೇಕಾದ್ದೇ.

ಎರಡೂವರೆ ಗಂಟೆ ಮೂಲೆಯ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕೈ ಕಟ್ಟಿ ಕುಳಿತಿದ್ದಿರಿ. ನಿಮಗೆ ಕೇಳಿಸುತ್ತಿಲ್ಲವೆಂದು ನನಗೊಬ್ಬಳಿಗೇ ಗೊತ್ತು. ಯಾರಾದರೂ ಮಾತಾಡಿದಾಗಲೆಲ್ಲ ಅವರ ಬಾಯಿ ನೋಡುತ್ತಿದ್ದಿರಿ. ಪ್ರಿಯಾಂಕಾ ಎರಡು ಸಲ ನಿಮ್ಮ ಕಡೆ ನೋಡಿದ್ದನ್ನು ನಾನು ಗಮನಿಸಿದೆ. ಅಷ್ಟರಲ್ಲಿ ಆ ಮಳೆ. ಐದು ಗಂಟೆಗೇ ಲೈಟು ಹಾಕಬೇಕಾಯಿತು. ಮೂರನೆಯ ವಿಷಯ ಮುಗಿಯುವಾಗ ಇಬ್ಬರು ಕಾರು ಸಿಕ್ಕಿಕೊಳ್ಳುತ್ತದೆ ಎಂದು ಎದ್ದು ಹೋದರು. ಉಳಿದವರು ಮೂವರೇ, ನಿರ್ಣಯ ಮಾಡಲು ನಾಲ್ವರು ಬೇಕು. ಬರುತ್ತಾರೇನೋ ಎಂದು ಆರೂವರೆಯವರೆಗೆ ಕಾದು ಕೊನೆಗೆ ಸಭೆ ಮುಂದಕ್ಕೆ ಹೋಯಿತು.

ಆದರೆ ಒಂದು ಕೆಲಸ ಮಾಡಿಸಿದ್ದೇನೆ. ಮುಂದಿನ ಸಭೆಯಲ್ಲಿ ನಿಮ್ಮ ಗೋಡೆ ಒಂಬತ್ತನೆಯದಲ್ಲ, ಮೊದಲನೆಯದು. ಇಪ್ಪತ್ತನಾಲ್ಕನೇ ತಾರೀಕು. ಮಳೆ ಜೋರಿತ್ತು, ಗಲ್ಲಿಯಲ್ಲಿ ಹೆಚ್ಚು ತೊಂದರೆ ಆಗಲಿಲ್ಲ ಎಂದುಕೊಂಡಿದ್ದೇನೆ.

ಕೋಪ ಇಳಿದ ಮೇಲೆ ಎರಡು ಸಾಲು ಬರೆಯಿರಿ.

ಶುಭಾ


ಸಿದ್ದಾಪುರ
ಮೇ 19

ಶುಭಾ ಮೇಡಂ,

ನಾನು ಲತಾಮಣಿ, ಪಾಪಯ್ಯನವರ ಮಗಳು. ನಿಮ್ಮ ಕಾಗದ ಅಮ್ಮ ಹೋದ ಐದನೇ ದಿನ ಬಂತು. ಅಪ್ಪ ಓದಿ ಮಡಿಸಿ ಬುದ್ಧನ ಪಟದ ಹಿಂದೆ ಇಟ್ಟರು. ಅವರು ಬರೆಯುವುದಿಲ್ಲ. ಬಂದ ಕಾಗದಕ್ಕೆ ಉತ್ತರ ಬರೆಯದೆ ಇರಬಾರದು ಎಂದು ಚಿಕ್ಕಂದಿನಿಂದ ಅವರೇ ಕಲಿಸಿದ್ದರಿಂದ ನಾನು ಬರೆಯುತ್ತಿದ್ದೇನೆ.

ಹತ್ತನೇ ತಾರೀಕು ನನಗೆ ಬಿ.ಟಿ.ಎಂ.ನಲ್ಲಿ ಡ್ಯೂಟಿ. ಸೂಪರ್ ಮಾರ್ಕೆಟಿನ ಬಿಲ್ಲಿಂಗಿನಲ್ಲಿದ್ದೇನೆ. ಶನಿವಾರ ರಜಾ ಕೊಡುವುದಿಲ್ಲ. ಅಪ್ಪ ಸಭೆಗೆ ಹೋಗಬೇಕು ಎಂದು ಶಿವವ್ವಜ್ಜಿ ಅಮ್ಮನ ಜೊತೆ ಕೂತಿದ್ದರು. ಐದೂಕಾಲಿಗೆ ನೀರು ಬಂತಂತೆ. ನಿಧಾನಕ್ಕೆ ಏರಲಿಲ್ಲ, ಕಾಲುವೆ ಒಂದೇ ಸಲ ಒಳಗೆ ತಿರುಗಿತು. ಅಜ್ಜಿಗೆ ಎಪ್ಪತ್ತು ವರ್ಷ. ಅಮ್ಮನ ಕಂಕುಳಿಗೆ ಕೈ ಹಾಕಿ ಎಳೆದರು, ಆಗಲಿಲ್ಲ. ಕೂಗಿದರು. ಎಲ್ಲರೂ ಅವರವರ ಮನೆಯ ಮಕ್ಕಳನ್ನು ಮೇಲೆ ಹತ್ತಿಸುತ್ತಿದ್ದರು. ಅಜ್ಜಿ ನನಗೆ ಫೋನ್ ಮಾಡಿದರು. ನಾನು ಅಪ್ಪನಿಗೆ ಹನ್ನೊಂದು ಸಲ ಮಾಡಿದೆ. ಅಪ್ಪನಿಗೆ ಕೇಳಿಸದಿದ್ದರೂ ಫೋನು ಎದೆ ಜೇಬಿನಲ್ಲಿ ಅದುರಿದರೆ ಗೊತ್ತಾಗುತ್ತದೆ, ಓಡಿ ಬರುತ್ತಾರೆ. ಅವತ್ತು ಅದುರಲಿಲ್ಲ. ಸಭೆಯಲ್ಲಿ ಫೋನ್ ಆಫ್ ಮಾಡಿ ಎಂದು ಗೋಡೆ ಮೇಲೆ ಬರೆದಿತ್ತಂತೆ. ಅಪ್ಪ ಬರೆದದ್ದನ್ನು ಓದಿದರೆ ಹಾಗೇ ನಡೆಯುವವರು. ನನ್ನ ಬಸ್ಸು ಡೈರಿ ಸರ್ಕಲ್ ಹತ್ತಿರ ನಿಂತುಬಿಟ್ಟಿತು. ಇಳಿದು ನಡೆದೆ.

ನಾವಿಬ್ಬರೂ ಒಂದೇ ಹೊತ್ತಿಗೆ ಗಲ್ಲಿಗೆ ಬಂದೆವು. ಅಜ್ಜಿ ನೀರಿನಲ್ಲಿ ನಿಂತು ಅಮ್ಮನ ತಲೆಯನ್ನು ಎರಡೂ ಕೈಯಲ್ಲಿ ಮೇಲೆ ಹಿಡಿದುಕೊಂಡೇ ಇದ್ದರು. ಅವರಿಗೆ ಇನ್ನೂ ಗೊತ್ತಾಗಿರಲಿಲ್ಲ. ಅಪ್ಪನಿಗೆ ಗೊತ್ತಾಯಿತು.

ಮಾರನೇ ದಿನ ರೇವಣಸಿದ್ದಪ್ಪ ಮಾಮ ಟೇಪು ತಂದು ನಮ್ಮ ಮನೆಯ ಗೋಡೆಯ ಮೇಲಿನ ಕೆಸರಿನ ಗೆರೆ ಅಳೆದರು. ಎರಡೂವರೆ ಅಡಿ. ಅವರು ಕಟ್ಟಬೇಕೆಂದಿದ್ದದ್ದು ನಾಲ್ಕು ಅಡಿ. ಟೇಪು ಸುತ್ತಿಕೊಂಡು ಹೋಗಿ ಬೇವಿನಮರದ ಕೆಳಗೆ ಕೂತು ಅತ್ತರು.

ಇಪ್ಪತ್ತನಾಲ್ಕಕ್ಕೆ ಅಪ್ಪ ಬರುವುದಿಲ್ಲ.

ಲತಾಮಣಿ


ಜಯನಗರ
ಜೂನ್ 2

ಪಾಪಯ್ಯನವರೇ,

ಎಂಟು ದಿನದಲ್ಲಿ ನಾಲ್ಕು ಸಲ ನಿಮ್ಮ ಗಲ್ಲಿಯ ತನಕ ಬಂದೆ. ಬೇವಿನಮರದಿಂದ ಈಚೆಗೇ ನಿಂತು ಹಿಂದಿರುಗಿದೆ.

ನೀವು ಒಮ್ಮೆ ಹೂಂ ಅಥವಾ ಉಹೂಂ ಎಂದು ಕಾರ್ಡು ಹಾಕಿ ಎಂದಿದ್ದಿರಿ. ಸಮಿತಿಯಿಂದ ಆಗಲಿಲ್ಲ, ಹೂಂ, ಕಟ್ಟಿಕೊಳ್ಳಿ ಎಂದು ಬರೆದಿದ್ದರೆ ಏಪ್ರಿಲಿನಲ್ಲೇ ನಿಮ್ಮ ಗೋಡೆ ಎದ್ದಿರುತ್ತಿತ್ತು. ಆ ಒಂದು ಮಾತು ಬರೆಯಲು ನನ್ನಿಂದ ಆಗಲಿಲ್ಲ. ನಿಮಗೆ ನೋವಾಗುತ್ತದೆ ಎಂದುಕೊಂಡಿದ್ದೆ. ಸುಳ್ಳು. ನಿಮ್ಮ ಕಣ್ಣಿನಲ್ಲಿ ಸಣ್ಣವಳಾಗುತ್ತೇನೆ ಎಂಬ ಭಯ ಅದು. ತಂತಿಯ ಕತೆ ಬರೆದು ನೀವು ಎಚ್ಚರಿಸಿದ್ದಿರಿ, ಅದೂ ಇದೂ ಒಂದೇ ಅಲ್ಲ ಎಂದು ಉತ್ತರ ಕೊಟ್ಟೆ. ಈಗ ಬೆಳಗಾದರೆ ಆ ಕಾಗದ ತೆಗೆದು ಓದುತ್ತೇನೆ.

ಇಪ್ಪತ್ತನಾಲ್ಕರಂದು ಗೋಡೆ ಮಂಜೂರಾಯಿತು. ಎರಡು ನಿಮಿಷ ಹಿಡಿಯಿತು. ಯಾರೂ ಪಟ್ಟಿ ಕೇಳಲಿಲ್ಲ. ಪ್ರಿಯಾಂಕಾ ಅಳುತ್ತಿದ್ದಳು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದೆವು. ನಾನು ಅಲ್ಲಿಯೇ ರಾಜೀನಾಮೆ ಬರೆದುಕೊಟ್ಟೆ. ಸಿದ್ದಲಿಂಗಯ್ಯನವರು ಓದಿ, "ಮುಂದಿನ ಸಭೆಗೆ ಇಡೋಣ ಮೇಡಂ" ಎಂದರು.

ಕ್ಷಮಿಸಿ ಎಂದು ಕೇಳುವ ಯೋಗ್ಯತೆ ನನಗಿಲ್ಲ. ಬೈದಾದರೂ ಒಂದು ಕಾಗದ ಬರೆಯಿರಿ.

ಶುಭಾ


ಸಿದ್ದಾಪುರ
ಆಗಸ್ಟ್ 9

ಶುಭಮ್ಮನವರಿಗೆ,

ಗೋಡೆ ಮುಗಿಯಿತು. ಏಳು ಅಡಿ, ಕಾಂಕ್ರೀಟು. ಈಗ ನಮ್ಮ ಮನೆಯಿಂದ ಕಾಲುವೆ ಕಾಣುವುದೇ ಇಲ್ಲ. ಮೊನ್ನೆ ದೊಡ್ಡ ಮಳೆ ಬಂತು, ಒಂದು ತೊಟ್ಟು ಒಳಗೆ ಬರಲಿಲ್ಲ. ನಾನು ಖಾಲಿ ಮಂಚದ ಮೇಲೆ ಕೂತು ನೋಡುತ್ತಿದ್ದೆ.

ಬೈಯಿರಿ ಎಂದು ಬರೆದಿದ್ದಿರಿ. ಎರಡು ತಿಂಗಳು ಬೈಗುಳ ಹುಡುಕಿದೆ. ಕೆಟ್ಟವರ ಕೈಯಲ್ಲಿ ಕೆಟ್ಟದ್ದಾದರೆ ಬೈಯಬಹುದು. ನೀವು ಒಳ್ಳೆಯವರು. ನಿಮ್ಮ ತಾಯಿಯೂ ಒಳ್ಳೆಯವರೇ. ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವೂ ಕಾಫಿ ಇಲ್ಲ ಎಂದವರಲ್ಲ. ಕಿಟಕಿಯಿಂದ ಕೊಟ್ಟರು, ಬಾಗಿಲಿನಿಂದ ಒಳಗೆ ಬಾ ಎನ್ನಲಿಲ್ಲ, ಅಷ್ಟೇ. ಆ ಲೋಟ ನನಗೆಂದೇ ಮೀಸಲಾಗಿತ್ತು ಎಂದು ನೀವು ಪ್ರೀತಿಯಿಂದ ಬರೆದಿದ್ದಿರಿ. ಯಾಕೆ ಮೀಸಲು ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ಕುಡಿದು, ನಲ್ಲಿಯಲ್ಲಿ ನಾನೇ ತೊಳೆದು, ಕಿಟಕಿಯ ಮೇಲೆ ಬೋರಲು ಹಾಕಿ ಬರುತ್ತಿದ್ದೆ. ಕಾಫಿ ಚೆನ್ನಾಗಿರುತ್ತಿತ್ತು. ಅದನ್ನು ಇಲ್ಲ ಎನ್ನಲಾರೆ.

ನಾನೂ ತಪ್ಪಿತಸ್ಥ. ರೇವಣಸಿದ್ದಪ್ಪನ ಮಾತು ಬಿಟ್ಟು ನಿಮ್ಮ ಕಾಗದ ನಂಬಿದೆ. ಬರೆದದ್ದೆಲ್ಲ ತಲುಪುತ್ತದೆ ಎಂದು ಜೀವಮಾನವೆಲ್ಲ ನಂಬಿ ಬದುಕಿದವನು. ಗಲ್ಲಿಯಲ್ಲಿ ಈಗ ಯಾರೂ ನನಗೆ ಏನೂ ಅನ್ನುವುದಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಇನ್ನು ಮುಂದೆ ನನಗೆ ಬರೆಯಬೇಡಿ. ಬಂದರೆ ಕವರಿನ ಮೇಲೆ "ನಿರಾಕರಿಸಲಾಗಿದೆ" ಎಂದು ಬರೆದು ಅವತ್ತೇ ವಾಪಸ್ಸು ಕಳಿಸುತ್ತೇನೆ. ನಿಮ್ಮನ್ನು ಕಾಯಿಸುವುದಿಲ್ಲ.

ನಿಮ್ಮ ಆಫೀಸಿನಿಂದ ಗೋಡೆ ಮುಗಿದದ್ದಕ್ಕೆ ಒಂದು ಪತ್ರ ಬಂದಿದೆ. ಉಪಯೋಗ ಪಡೆದವರ ಪರವಾಗಿ ನಾನು ಸಹಿ ಹಾಕಬೇಕಂತೆ. ಶಿವವ್ವನ ಮೊಮ್ಮಗ ಪಟ್ಟಿ ಆದ ಮೇಲೆ ಹುಟ್ಟಿದವನು, ಅವನನ್ನು ಸೇರಿಸಿಲ್ಲ, ಸರಿಯೇ. ಆದರೆ ಅದರಲ್ಲಿ ಇನ್ನೂ ತೊಂಬತ್ತನಾಲ್ಕು ಜನ ಎಂದೇ ಇದೆ. ಸರ್ಕಾರದ ಲೆಕ್ಕದಲ್ಲಿ ಸುಳ್ಳಿಗೆ ನಾನು ಸಹಿ ಹಾಕುವವನಲ್ಲ. ಒಂದು ತಲೆಯೂ ಬಿಡಬೇಡಿ ಎಂದು ನೀವು ಬರೆದಿದ್ದಿರಿ, ನಾನು ಬಿಟ್ಟಿರಲಿಲ್ಲ. ಅದನ್ನು ತೊಂಬತ್ತಮೂರು ಎಂದು ತಿದ್ದಿ ಕಳಿಸಿ, ಸಹಿ ಹಾಕುತ್ತೇನೆ.

ಪಾಪಯ್ಯ